ಹಗ್ಗ ಕಟ್ಟಿಕೊಂಡವನ ಸರದಿ

ಎಡಗಿವಿಯ ಕೆಳಗೆ ಚುಚ್ಚುತ್ತಿದೆ, ಒಂದೇ ಒಂದು ಎಳೆ, ಉಳಿದ ಹಗ್ಗವೆಲ್ಲ ಸುಮ್ಮನಿದೆ, ಈ ಒಂದು ಎಳೆಗೆ ಮಾತ್ರ ನನ್ನ ಮೇಲೆ ಹಗೆ, ಮೇಕೆ ಕೂದಲಿನ ವಾಸನೆ ಬೇರೆ — ಎಣ್ಣೆ ಸವರಿದೀನಿ ಯಜಮಾನ್ರೇ, ಹೊಸ ಹಗ್ಗ ಅಲ್ವಾ, ಮೊದಮೊದ್ಲು ಹಂಗೇ, ಎಂದು ಬೆನ್ನ ಹಿಂದಿನಿಂದ ಬ್ರೆಂಟೋಸ್ ಪಿಸುಗುಟ್ಟುತ್ತಾನೆ, ಊರಿನ ಆಳು, ಹಗ್ಗದ ಇನ್ನೊಂದು ತುದಿ ಅವನ ಕೈಯಲ್ಲಿದೆ, ಮೊದಮೊದಲು ಅಂತೆ, ಪುಣ್ಯಾತ್ಮ, ಇದಕ್ಕೆ ಎರಡನೆಯ ಸಲ ಅನ್ನುವುದು ಎಲ್ಲಿದೆ. ನಮ್ಮ ಲೋಕ್ರಿಯಲ್ಲಿ ಹಳೆಯ ಕಾನೂನು ಬದಲಿಸಿ ಎನ್ನುವವನು ಕೊರಳಿಗೆ ಕುಣಿಕೆ ಹಾಕಿಕೊಂಡೇ ಎನ್ನಬೇಕು, ಸಭೆಯ ಸಾವಿರ ಜನ ಒಪ್ಪಿದರೆ ಬಿಚ್ಚುತ್ತಾರೆ, ಒಪ್ಪದಿದ್ದರೆ ನಿಂತಲ್ಲೇ ಎಳೆಯುತ್ತಾರೆ, ಕುರಿ ಕಾಯುತ್ತಿದ್ದವನೊಬ್ಬ ಬರೆದಿಟ್ಟು ಹೋದ ನೇಮ, ಕುರಿ ಕಾಯುವವನಿಗೆ ಹಗ್ಗ ಬಿಟ್ಟು ಇನ್ನೇನು ಹೊಳೆದೀತು. ನನ್ನ ಅಜ್ಜನ ಕಾಲದಿಂದ ಈಚೆಗೆ ಈ ಕಲ್ಲಿನ ಮೇಲೆ ಹೀಗೆ ನಿಂತವನು ನಾನೊಬ್ಬನೇ, ಹಳೆಯ ಹಗ್ಗವನ್ನು ಇಲಿ ತಿಂದುಬಿಟ್ಟಿತ್ತಂತೆ, ನನಗೆಂದೇ ಹೊಸದು ಹೊಸೆದಿದ್ದಾರೆ, ಮೂರು ಸಲ ಊರಿನ ಹಿರಿತನ ಮಾಡಿದ್ದಕ್ಕೆ ಇಷ್ಟಾದರೂ ಮರ್ಯಾದೆ ಬೇಡವೇ. ಬೆಳಿಗ್ಗೆ ಹೆಂಡತಿ ಫಿಲಿನ್ನ ನನ್ನ ಮೇಲುಹೊದಿಕೆಯ ಮಡಿಕೆ ಸರಿಪಡಿಸುತ್ತ, ಎಪ್ಪತ್ತೆರಡು ವರ್ಷಕ್ಕೆ ಕೊರಳಿಗೆ ಒಡವೆ ಬೇಕಾಯ್ತೇನ್ರೀ ನಿಮಗೆ ಎಂದಳು, ಮುಖ ನೋಡಲಿಲ್ಲ, ಮಡಿಕೆಯನ್ನೇ ನೋಡುತ್ತಿದ್ದಳು, ಗಂಜಿ ಆರ್ತಾ ಇದೆ ಕುಡ್ಕೊಂಡು ಹೋಗಿ, ಹಸಿದ ಹೊಟ್ಟೇಲಿ ಸತ್ತರೆ ನನ್ನನ್ನೇ ಅಂತಾರೆ ಜನ, ಎಂದಳು. ಕುಡಿದೆ.

ಥ್ರಾಸಿಲಾಸ್ ಮಾತಾಡುತ್ತಿದ್ದಾನೆ. ಚೆನ್ನಾಗಿ ಮಾತಾಡುತ್ತಾನೆ, ಆಡಲೇಬೇಕು, ಆರು ವರ್ಷ ನನ್ನ ಜಗಲಿ ಸವೆಸಿದ್ದಾನೆ, ಬಲಗೈಯನ್ನು ಹೊದಿಕೆಯ ಒಳಗಿಟ್ಟು ತಕ್ಕ ಮಾತಿಗೆ ಮಾತ್ರ ಹೊರತೆಗೆಯುವುದು ನಾನು ಕಲಿಸಿದ ಪಾಠ. ಇಲ್ಲಿನ ಕ್ರಮ ಹೀಗೆ, ಹಳೆಯ ಕಾನೂನಿನ ಪರವಾದವನು ಮೊದಲು ಆಡಬೇಕು, ಹಗ್ಗದವನು ಆಮೇಲೆ, ಕೊನೆಯ ಮಾತು ಸಾಯುವವನಿಗಿರಲಿ ಎಂಬ ಔದಾರ್ಯ. ಅವನ ಪಕ್ಕದಲ್ಲಿ ನೀರಿನ ಗಡಿಗೆ, ತಳದ ತೂತಿನಿಂದ ನೀರು ಕೆಳಗಿನ ಗಡಿಗೆಗೆ ಬೀಳುತ್ತಿದೆ, ಮೇಲಿನದು ಬರಿದಾದರೆ ಅವನ ಮಾತು ಮುಗಿಯಿತು, ಆಮೇಲೆ ತುಂಬಿಸಿ ನನಗಿಡುತ್ತಾರೆ. ಮೆಟ್ಟಿಲುಗಳ ತುಂಬ ಸಾವಿರ ತಲೆ, ಆಚೆಗೆ ಕಡಲು, ಬೇಸಿಗೆ ಇನ್ನೂ ಹತ್ತಿಲ್ಲ ಆದರೂ ಜೀರುಂಡೆಗಳು ಶುರುಮಾಡಿಬಿಟ್ಟಿವೆ, ಊರ ಹಿಂದಿನ ಆಲಿವ್ ಮರಗಳಲ್ಲಿ, ಒಂದು ನಿಲ್ಲಿಸಿದರೆ ಇನ್ನೊಂದು. ಹಾಲೆಕ್ಸ್ ಹೊಳೆಯ ಈ ದಡದಲ್ಲಿ ಹಾಡುವ ಜೀರುಂಡೆ ಆ ದಡದಲ್ಲಿ ಹಾಡುವುದಿಲ್ಲ, ನೆರೆಯೂರಾದ ರೇಗಿಯನ್ನಿನವರ ದಡ ಅದು, ಅಲ್ಲಿ ಅವು ಮೂಕ, ನಮ್ಮೂರಿನ ಪ್ರತಿಯೊಂದು ಕೂಸಿಗೂ ಗೊತ್ತಿರುವ ಮಾತು, ಆದರೆ ಪರೀಕ್ಷಿಸಿ ನೋಡಿದವರು ನಾವಿಬ್ಬರೇ, ನಾನು ಮತ್ತು ಸಿಮಿಲೋಸ್. ಒಂಬತ್ತು ವರ್ಷ ನಮಗೆ, ಅವನಪ್ಪನ ಆವಿಗೆಯಿಂದ ಮುಚ್ಚಳವಿರುವ ಒಂದು ಪುಟ್ಟ ಕುಡಿಕೆ ಕದ್ದು ಅದರೊಳಗೆ ಐದು ಜೀರುಂಡೆ ತುಂಬಿ, ಸೊಂಟದವರೆಗಿನ ನೀರಿನಲ್ಲಿ ಹೊಳೆ ದಾಟಿದೆವು, ಕುಡಿಕೆ ಅವನ ತಲೆಯ ಮೇಲೆ, ಆ ಕ... ಆ ಕಡೆ ಹೋದ ತಕ್ಷಣ ಇವು ಮೂ... ಮೂ... ಎಂದು ಅವನು ನನ್ನ ಕಡೆ ತಿರುಗಿದ, ಮೂಕ ಆಗ್ತಾವೆ ನೋಡು ಎಂದೆ ನಾನು, ಅವನ ಮುಖ ಅರಳಿತು, ಹ್ಞೂಂ ಅದೇ ಎಂದ. ಆಚೆ ದಡದಲ್ಲಿ ಮುಚ್ಚಳ ತೆಗೆದು ಸಂಜೆಯವರೆಗೆ ಕಾದೆವು. ಹಾಡಲಿಲ್ಲ. ಕುಲುಕಿ ಕುಲುಕಿ ಅರ್ಧ ಸತ್ತಿದ್ದವು, ಹಾಡುವುದೆಲ್ಲಿಂದ ಬಂತು, ಆದರೆ ಊರಿಗೆ ಬಂದು ನಾನು ಹೇಳಿದ ಪರಿಗೆ ದೊಡ್ಡವರೂ ಬಾಯಿ ಬಿಟ್ಟುಕೊಂಡು ಕೇಳಿದರು.

ಅವನ ತೊದಲು ನನಗೆ ತೊಂದರೆ ಅನಿಸಿದ್ದೇ ಇಲ್ಲ, ಅದು ನನಗೆ ಒಂದು ಕೆಲಸವಾಗಿತ್ತು, ಸಿಮಿಲೋಸ್ ಮಾತು ಆರಂಭಿಸುವುದು, ಸಿಕ್ಕಿಕೊಂಡಾಗ ನನ್ನ ಕಡೆ ತಿರುಗುವುದು, ನಾನು ಮುಗಿಸುವುದು, ಎರಡೆತ್ತಿನ ಬಂಡಿಯ ಹಾಗೆ ನಡೆಯಿತು. ಐನೆತೋಸ್, ನಿನಗೆ ದೇವರು ಎರಡು ನಾಲಿಗೆ ಕೊಟ್ಟಿದಾನೆ ಆ ಕುಂಬಾರನ ಮಗನಿಗೆ ಅರ್ಧ, ಹಂಚ್ಕೊಂಡು ತಿನ್ರಪ್ಪ ಎನ್ನುತ್ತಿದ್ದರು ನಮ್ಮ ಮೇಷ್ಟ್ರು. ಹಾಡುವಾಗ ಮಾತ್ರ ಅವನು ತೊದಲುತ್ತಿರಲಿಲ್ಲ, ತಿಗರಿ ತಿರುಗುತ್ತಿದ್ದಾಗಲೂ ಇಲ್ಲ, ಕೈ ಮಣ್ಣಿನಲ್ಲಿದ್ದರೆ ನಾಲಿಗೆ ಬಿಟ್ಟುಕೊಳ್ಳುತ್ತಿತ್ತು. ಅವನ ಮದುವೆಯ ಮಾತಿಗೂ ನಾನೇ ಹೋಗಿದ್ದೆ, ಹುಡುಗಿಯ ಅಪ್ಪ ಮೀನಿಗೆ ಉಪ್ಪು ಹಾಕುವವನು, ಕೈತುಂಬ ಹುರುಪೆ, ನಾನು ಸಿಮಿಲೋಸನ ಗುಣಗಳನ್ನು ಒಂದೊಂದಾಗಿ ಹೇಳಿ ಮುಗಿಸುವಷ್ಟರಲ್ಲಿ ಮುದುಕನ ಕಣ್ಣು ತೇವವಾಗಿತ್ತು, ಅದಿರ್ಲಿ ಅಪ್ಪಾ, ನಿನಗೆ ಮದುವೆ ಆಗಿದೆಯಾ ಎಂದು ಕೇಳಿದ. ದಾರಿಯುದ್ದಕ್ಕೂ ನಕ್ಕೆವು, ಸಿಮಿಲೋಸ್ ನಗುವಾಗ ರಸ್ತೆಯ ಪಕ್ಕದ ಗೋಡೆ ಹಿಡಿದುಕೊಳ್ಳುತ್ತಿದ್ದ, ಬೆರಳಿನ ಕೆಂಪು ಮಣ್ಣು ಊರಿನ ಎಷ್ಟು ಗೋಡೆಗೆ ಅಂಟಿತ್ತೋ, ಆ ದಿನಗಳಲ್ಲಿ ಅತ್ತಿಹಣ್ಣಿಗೂ ಈಗಿಲ್ಲದ ಒಂದು ರುಚಿ ಇತ್ತು, ಅಥವಾ ನನಗೆ ಹಲ್ಲು ಇತ್ತು. ಏನು ಸುಖದ ಕಾಲ. ಆ ಕಾಲದ ಒಂದು ಮಧ್ಯಾಹ್ನಕ್ಕೆ ನನ್ನ ಮೂರೂ ಹಿರಿತನಗಳನ್ನು, ನಾನು ಸತ್ಯದ ಮೇಲೆ ಬರೆದ ನಾಲ್ಕೂ ಪುಸ್ತಕಗಳನ್ನು ಕೊಟ್ಟುಬಿಡುತ್ತೇನೆ.

ನಗೆ. ಸಭೆ ನಗುತ್ತಿದೆ. ಥ್ರಾಸಿಲಾಸ್ ಏನೋ ಹೇಳಿದ — ನಮ್ಮ ಗುರುಗಳು ಇವತ್ತು ಸತ್ತವನ ಮೇಲೆ ಕನಿಕರ ತೋರಿಸಿ ಅಂತಾರೆ, ಮೂವತ್ತೊಂದು ವರ್ಷದ ಹಿಂದೆ ಇದೇ ಕಲ್ಲಿನ ಮೇಲೆ ನಿಂತು ಇದೇ ಮನುಷ್ಯನ ಬಗ್ಗೆ ಏನಂದ್ರು ಅನ್ನೋದು ನಿಮಗೆಲ್ಲ ಬಾಯಿಪಾಠ ಇದೆ, ನಾನೇನೂ ಹೇಳೋದು ಬೇಡ. ಬೇಡ ಎಂದು ಹೇಳಿ ನಿಲ್ಲಿಸಿದ, ನನ್ನದೇ ಉಪಾಯ, ಜನರ ಬಾಯಿಂದಲೇ ಹೊರಡಿಸುವುದು, ಮುಂದಿನ ಸಾಲಿನ ಯಾರೋ ಶುರುಮಾಡಿದ, ಹಿಂದಿನವರು ಕೂಡಿಕೊಂಡರು, ಸಾವಿರ ಜನ ಒಂದೇ ದನಿಯಲ್ಲಿ, ಮಕ್ಕಳು ಮೇಣದ ಹಲಗೆಯ ಮೇಲೆ ತಿದ್ದುತ್ತಾರಲ್ಲ ಆ ವಾಕ್ಯ: ಸತ್ಯ ಹಗುರ, ಅದು ನಾಲಿಗೆಯಿಂದ ತಾನಾಗಿ ಹಾರುತ್ತದೆ, ನಾಲಿಗೆ ತೊದಲುವುದು ಸುಳ್ಳಿನ ಭಾರಕ್ಕೆ. ನನ್ನ ವಾಕ್ಯ. ನಾನು ಆಡಿದ್ದರಲ್ಲೆಲ್ಲ ಚೆಂದದ್ದು ಅದೇ, ನಾನು ಸತ್ತಮೇಲೆ ಉಳಿಯುವುದೂ ಅದೇ. ಯಜಮಾನ್ರೇ ನಡುಗ್ತಾ ಇದೀರಾ, ಎಂದ ಬ್ರೆಂಟೋಸ್, ಹಗ್ಗದಲ್ಲಿ ತಿಳೀತದೆ. ಗಾಳಿ ಕಣಯ್ಯಾ, ಎಂದೆ.

ಬೇರೆಯವನಾಗಿದ್ದರೆ ಸಿಮಿಲೋಸನ ಪ್ರಾಣವನ್ನೇ ಕೇಳುತ್ತಿದ್ದ, ನಾನು ಯಾವಾಗಲೂ ಹಾಗೆ ಹೇಳಿಕೊಂಡೇ ಬಂದಿದ್ದೇನೆ. ರೇಗಿಯನ್ನಿನ ಜೊತೆ ಯುದ್ಧ ನಡೆದಿದ್ದ ವರ್ಷ, ಆಪಾದನೆ ಹೊರಿಸುವ ಅಧಿಕಾರ ನನ್ನ ಪಾಲಿಗೆ ಬಂದಿತ್ತು, ಸಿಮಿಲೋಸ್ ಹೊಳೆಯಾಚೆಯ ಶತ್ರುಗಳಿಗೆ ಮಣ್ಣಿನ ಸಾಮಾನು ಮಾರಿದ ಎಂದು ದೂರು ಬಂತು. ವಿಚಾರಣೆಯ ಹಿಂದಿನ ದಿನ ಅವನೇ ಮನೆಗೆ ಬಂದ, ಉಗುರಿನಲ್ಲಿ ಕೆಂಪು ಮಣ್ಣು, ಅಂಗಳದ ಬಾವಿಕಟ್ಟೆಯ ಮೇಲೆ ಕೂತು ಎಲ್ಲ ಹೇಳಿದ, ಅವಸರವಿರಲಿಲ್ಲವಲ್ಲ, ಸಿಕ್ಕಿಕೊಂಡಲ್ಲಿ ನಿಂತು ನಿಂತು ನಿಧಾನವಾಗಿ ಹೇಳಿದ, ಆಚೆ ದಡದ ಒಬ್ಬ ಹೆಂಗಸು ಬಂದಿದ್ದಳು ಕಣೋ, ಮಗು ಸತ್ತಿತ್ತು ಅವಳದು, ನಮ್ಮ ಪೆರ್ಸೆಫೊನೆ ದೇವಿಗೆ ಮಗುವಿನ ಹೆಸರಲ್ಲಿ ಮಣ್ಣಿನ ಹರಕೆಯ ಹಲಗೆ ಬೇಕು ಅಂದ್ಲು, ಆವಿಗೇಲಿ ಸುಟ್ಟು ಕೊಟ್ಟೆ, ಮಾರಿದ್ದಲ್ಲ, ಕೊಟ್ಟೆ. ಅಷ್ಟೇ ತಾನೇ, ಎಂದೆ ನಾನು, ನಾಳೆ ಸಭೇಲಿ ಮಗು ಅಂತ ಒಂದು ಮಾತು ಹೇಳು, ಸಾಕು, ಹೆಂಡ್ತಿ ಮಕ್ಕಳಿರೋ ಜನ, ಕರಗ್ತಾರೆ, ನಾನು ಸಪ್ಪೆಯಾಗಿ ಮಾತಾಡ್ತೀನಿ, ಸಣ್ಣದೊಂದು ದಂಡದಲ್ಲಿ ಮುಗಿಯುತ್ತೆ. ಸಪ್ಪೆಯಾಗಿ ನೀನಾ, ಎಂದು ಅವನು ನಕ್ಕ, ಆ ನಗುವಿನಲ್ಲಿ ನಂಬಿಕೆಯಿತ್ತು. ನಾನೂ ನಿಜವಾಗಿ ಹಾಗೇ ಅಂದುಕೊಂಡಿದ್ದೆ, ದೇವಿಯ ಆಣೆ. ಆದರೆ ಕಲ್ಲಿನ ಮೇಲೆ ಹತ್ತಿದ ಮೇಲೆ ಸಾವಿರ ಮುಖಗಳು ಕತ್ತು ಚಾಚಿದವು, ಸಪ್ಪೆಯಾಗಿ ಆರಂಭಿಸಿದೆ, ಹಿಂದಿನ ಸಾಲಿನಲ್ಲಿ ಒಬ್ಬ ಆಕಳಿಸಿದ. ಒಬ್ಬನ ಆಕಳಿಕೆ. ಅದನ್ನು ಸಹಿಸಲಿಲ್ಲ ನಾನು. ಒಂದು ಒಳ್ಳೆಯ ಮಾತು ಹಾಕಿದೆ, ಸಭೆ ಬೆಚ್ಚಗಾಯಿತು, ಇನ್ನೊಂದು ಹಾಕಿದೆ, ಗಾಳಿ ಹಿಡಿದ ಹಾಯಿಯ ಹಾಗೆ ಮಾತು ನನ್ನನ್ನು ಎಳೆದುಕೊಂಡು ಹೋಯಿತು, ಸಾವಿರ ಜನ ನನ್ನ ಉಸಿರಿನ ಜೊತೆ ಉಸಿರಾಡುತ್ತಿದ್ದರು, ಮುಗಿಸುವ ಹೊತ್ತಿಗೆ ಕೊನೆಗೊಂದು ಬೇಕಿತ್ತು, ತಕ್ಕದ್ದೊಂದು, ಆಗ ಅದು ಬಂತು, ಸತ್ಯ ಹಗುರ, ನಾಲಿಗೆ ತೊದಲುವುದು ಸುಳ್ಳಿನ ಭಾರಕ್ಕೆ. ಏಳು ವರ್ಷದವನಿದ್ದಾಗಿಂದ ಆ ತೊದಲನ್ನು ಬಲ್ಲವನು ನಾನು.

ಆಮೇಲೆ ಅವನ ಸರದಿ. ಗಡಿಗೆಗೆ ನೀರು ತುಂಬಿಸಿದರು. ಅವನು ಎದ್ದು ನಿಂತ, ಆ ಹೆಂಗಸು, ಎಂದ, ಆ ಹೆಂಗಸಿನ ಮ... ಎಂದ, ತುಟಿ ಕೂಡಿಕೊಂಡವು, ಮ... ಯಾರೋ ಕಿಸಕ್ಕೆಂದ, ನೋಡ್ರೋ ಭಾರಾನ, ಎಂದ ಇನ್ನೊಬ್ಬ, ಸಭೆ ಬಿದ್ದು ಬಿದ್ದು ನಕ್ಕಿತು, ನೀರು ಬೀಳುತ್ತಿತ್ತು, ಅವನ ಕತ್ತಿನ ನರ ಉಬ್ಬಿತ್ತು, ತುಟಿ ಬಿಟ್ಟುಕೊಳ್ಳಲಿಲ್ಲ, ಮತ್ತೆ ಅವನು — ಬೇಡ, ಅದು ಬೇಡ, ಈಗ ಬೇಡ. ನೀರು ಮುಗಿಯಿತು. ಗಡಿಪಾರು ಎಂದರು. ಗಡಿಪಾರಾದವನು ಹೊಳೆಯಾಚೆಗೆ, ಅವನ ಎಲುಬು ಕೂಡ ಈ ಮಣ್ಣಿಗೆ ಬರಕೂಡದು, ಅದು ಕಾನೂನು. ಆ ವರ್ಷದ ಕೊನೆಗೆ ನನಗೆ ಮೊದಲನೆಯ ಹಿರಿತನ ಬಂತು.

ಅವನ ಮಗಳು ಬಂದು ಎಂಟು ದಿನವಾಯಿತು. ತಿಮಾರೆಟಾ, ಅವನು ಹೋದಾಗ ಆರು ವರ್ಷದ ಕೂಸು, ಈಗ ತಲೆಯಲ್ಲಿ ನರೆ ಕಂಡಿದೆ, ಹೇಸರಗತ್ತೆಯ ಮೇಲೆ ಅಪ್ಪನ ಎಲುಬಿನ ಜಾಡಿ ಕಟ್ಟಿಕೊಂಡು ಬಂದವಳನ್ನು ಬಾಗಿಲ ಕಾವಲಿನವರು ಊರ ಹೊರಗೇ ತಡೆದು ಕೂರಿಸಿದರು. ಯಾರೂ ಅವಳನ್ನು ಮಾತಾಡಿಸಲಿಲ್ಲ, ಹೊರಗಿನಿಂದ ಬಂದವರನ್ನು ಹೊಸ ಸುದ್ದಿ ಏನೆಂದು ಕೇಳಿದರೆ ಈ ಊರಿನಲ್ಲಿ ಅದಕ್ಕೂ ದಂಡ. ನಾನು ಹೋದೆ, ಕಾಲು ಎಳೆದುಕೊಂಡು ಹೋದೆ ಅನ್ನಬೇಕು. ಕಾಡು ಅತ್ತಿಮರದ ನೆರಳಲ್ಲಿ ಜಾಡಿಯನ್ನು ಮಡಿಲಿಗೆ ಒತ್ತಿಕೊಂಡು ಕೂತಿದ್ದಳು, ಗೋಧಿ ಬಣ್ಣದ ಸರಳ ಜಾಡಿ, ಅಪ್ಪನೇ ಮಾಡಿದ್ದು, ತನ್ನ ಅಳತೆಗೆ ಅಂತ ನಗ್ತಿದ್ದ, ಎಂದಳು. ನಾನು ಕೇಳದೆಯೇ ಹೇಳಿದಳು. ಆ ಕಡೆ ನಮಗೆ ಚೆನ್ನಾಗೇ ನಡೀತು, ಅಪ್ಪನ ಹೂಜಿಗೆ ರೇಗಿಯನ್ನಿನ ಹೆಂಗಸರು ಮುಗಿಬೀಳ್ತಿದ್ರು, ಬೇಸಿಗೆ ಬಂದ್ರೆ ಮಾತ್ರ ಅವನನ್ನ ಹಿಡಿಯೋಕೆ ಆಗ್ತಿರ್ಲಿಲ್ಲ, ಅರ್ಧ ದಿನ ನಡೆದು ಹೊಳೆ ದಡಕ್ಕೆ ಹೋಗ್ತಿದ್ದ, ಅಲ್ಲಿ ಕೂತ್ಕೊಂಡು ಈ ಕಡೆ ಜೀರುಂಡೆ ಹಾಡೋದನ್ನ ಕೇಳಿಸ್ಕೊಂಡು ವಾಪಸ್ ಬರ್ತಿದ್ದ, ಮೂವತ್ತು ಬೇಸಿಗೆ. ಆಮೇಲೆ ಅವಳು ಕೇಳಿದಳು, ನಿಮ್ಮನ್ನ ಒಂದು ಮಾತು ಕೇಳಬೇಕು ದೊಡ್ಡವರೇ, ಆ ನಾಲಿಗೆ ವಾಕ್ಯ, ಸುಳ್ಳಿನ ಭಾರ ಅಂತ, ಅದು ನಿಮಗೇ ಹೊಳೆದಿದ್ದಾ, ಇಲ್ಲ ಯಾರಾದ್ರೂ ಹೇಳಿಕೊಟ್ಟಿದ್ದಾ? ಐವತ್ತು ವರ್ಷ ಮಾತಾಡಿ ಬದುಕಿದವನು ನಾನು, ಎಂಥ ಪ್ರಶ್ನೆ ಬಂದರೂ ಸೋತವನಲ್ಲ, ಬಿಸಿಲು ಜಾಸ್ತಿಯಾಯ್ತಮ್ಮ ಎಂದು ಹೇಳಿ ಎದ್ದು ಬಂದೆ. ಮರುದಿನ ಆ ಎಲುಬಿನ ಕಾನೂನು ಬದಲಿಸಬೇಕೆಂದು ಹಗ್ಗ ಕೇಳಿ ಸಭೆಗೆ ಹೇಳಿಕಳಿಸಿದೆ.

ತೊಟ್ಟು ತೊಟ್ಟು, ಥ್ರಾಸಿಲಾಸನ ನೀರು ತಳ ಕಂಡಿತು. ಅವನು ಇಳಿಯುತ್ತ ನನ್ನ ಪಕ್ಕದಲ್ಲಿ ಹಾದುಹೋಗುವಾಗ, ಗುರುಗಳೇ ಕ್ಷಮಿಸಿ, ನಿಮ್ಮಿಂದಲೇ ಕಲಿತದ್ದು, ಎಂದ, ಕಣ್ಣಲ್ಲಿ ನಿಜವಾದ ಸಂಕಟವಿತ್ತು, ಒಳ್ಳೆಯ ಹುಡುಗ. ಗಡಿಗೆ ತುಂಬಿತು. ನನ್ನದೊಂದು ಭಾಷಣ ಸಿದ್ಧವಿದೆ, ಏಳು ದಿನ ಕಡಲ ದಂಡೆಯಲ್ಲಿ ನಡೆಯುತ್ತ ಕಟ್ಟಿದ್ದು, ಸತ್ತವರ ಮೇಲೆ ಹಗೆಯಿಲ್ಲ, ದೇವಿಯ ಮುಂದೆ ಗಡಿಯಿಲ್ಲ, ತಾಯಿಯಂಥ ಮಣ್ಣು, ಎಲ್ಲ ಇದೆ ಅದರಲ್ಲಿ, ಕಲ್ಲೂ ಅಳುತ್ತದೆ, ಒಂದು ಮಾತ್ರ ಇಲ್ಲ. ಆ ಭಾಷಣವನ್ನೇ ಆಡಿದರೆ ಬದುಕಬಹುದು, ಬಹುಶಃ, ಜನಕ್ಕೆ ನನ್ನ ಮೇಲೆ ಪ್ರೀತಿಯಿದೆ. ಆದರೆ ಈಗಷ್ಟೇ ಆ ವಾಕ್ಯವನ್ನು ಒಂದೇ ದನಿಯಲ್ಲಿ ಹಾಡಿದ್ದಾರೆ, ಅದು ನಿಜವಾಗಿ ಇರುವವರೆಗೆ ಸಿಮಿಲೋಸ್ ದ್ರೋಹಿಯೇ, ದ್ರೋಹಿಯ ಎಲುಬಿಗೆ ಯಾರು ಕೈ ಎತ್ತುತ್ತಾರೆ. ಅದು ಸುಳ್ಳೆಂದರೆ ನಾನು ಸಭೆಗೆ ಸುಳ್ಳು ಹೇಳಿದವನಾದೆ, ಸುಳ್ಳುಗಾರ ಹಗ್ಗ ಕಟ್ಟಿಕೊಂಡು ನಿಂತರೆ ಎಳೆಯುವುದೇ ಸುಲಭ. ಫಿಲಿನ್ನ ಮನೆಯಲ್ಲಿ ಬೇಳೆ ಆರಿಸುತ್ತಿರಬೇಕು, ಆತಂಕವಾದಾಗಲೆಲ್ಲ ಬೇಳೆ ಆರಿಸುತ್ತಾಳೆ. ನೀರು ಹೋಗ್ತಾ ಇದೆ ಯಜಮಾನ್ರೇ, ಎಂದ ಬ್ರೆಂಟೋಸ್, ಏನಾದ್ರೂ ಹೇಳಿ.

ಲೋಕ್ರಿಯವರೇ, ಎಂದೆ, ನನ್ನ ದನಿ ನನಗೇ ಗುರುತು ಸಿಗಲಿಲ್ಲ, ಕಡಲಿಗೆ ಎಸೆದ ಕಲ್ಲಿನಂತೆ ಸಣ್ಣಗೆ ಕೇಳಿತು. ನೀವು ಈಗ ಹಾಡಿದ ಮಾತು ನನ್ನದು. ಯಾರೂ ಹೇಳಿಕೊಟ್ಟದ್ದಲ್ಲ. ಅದು ಸುಳ್ಳು, ಆಡುವಾಗಲೇ ನನಗೆ ಗೊತ್ತಿತ್ತು. ಅವನು ಮಾತು ಕಲಿತಾಗಿಂದ ತೊದಲುತ್ತಿದ್ದ, ಅಮ್ಮಾ ಎಂದು ಕರೆಯುವಾಗಲೂ ತೊದಲುತ್ತಿದ್ದ, ಅಮ್ಮಾ ಎನ್ನುವುದರಲ್ಲಿ ಯಾವ ಸುಳ್ಳಿದೆ ಹೇಳಿ. ಅವತ್ತು ಇಲ್ಲಿ ನಿಂತು ಅವನು ಆಡಲಾರದೆ ಹೋದದ್ದು ಮಗು ಎಂಬ ಮಾತನ್ನು. ರೇಗಿಯನ್ನಿನ ಹೆಂಗಸೊಬ್ಬಳ ಮಗು ಸತ್ತಿತ್ತು, ನಮ್ಮ ದೇವಿಗೆ ಅದರ ಹೆಸರಿನಲ್ಲಿ ಹರಕೆಯ ಹಲಗೆ ಮಾಡಿಕೊಟ್ಟ, ಅದೇ ಅವನ ವ್ಯಾಪಾರ. ನನಗೆ ಹಿಂದಿನ ದಿನವೇ ಗೊತ್ತಿತ್ತು. ಅಷ್ಟು ಹೇಳಿ ನಿಲ್ಲಿಸಿದೆ, ಗಡಿಗೆಯಲ್ಲಿ ಮುಕ್ಕಾಲು ನೀರು ಉಳಿದಿತ್ತು, ಇಷ್ಟು ನೀರು ಉಳಿಸಿ ನಾನು ಎಂದೂ ಮಾತು ನಿಲ್ಲಿಸಿದವನಲ್ಲ. ಯಾರೂ ನಗಲಿಲ್ಲ, ಹಗ್ಗ ಸ್ವಲ್ಪ ಬಿಗಿಯಾಯಿತು, ಬ್ರೆಂಟೋಸ್ ತುದಿಯನ್ನು ಕೈಗೆ ಸುತ್ತಿಕೊಂಡಿರಬೇಕು, ಅವನ ಕೆಲಸ ಅವನು ಮಾಡಬೇಕಲ್ಲ. ಕೈ ಎತ್ತಿ ಎಂದು ಡಂಗುರದವನು ಕೂಗಿದ. ಕಣ್ಣು ಮುಚ್ಚಿಕೊಂಡೆ. ಬಟ್ಟೆಗಳ ಸರಸರ ಸದ್ದು ಕೇಳಿತು, ಎಷ್ಟೋ ಹೊತ್ತು, ಆಮೇಲೆ ಹಗ್ಗ ಸಡಿಲವಾಯಿತು, ಎರಡು ಒರಟು ಕೈಗಳು ನನ್ನ ಕತ್ತಿನ ಹಿಂದೆ ಗಂಟು ತಡಕಾಡುತ್ತಿದ್ದವು, ಗಂಟು ಬಂತು ಬಿಡಿ ಯಜಮಾನ್ರೇ, ನಿಮ್ಮ ಕಾನೂನು ಗೆಲ್ತು, ಎಂದು ಬ್ರೆಂಟೋಸ್ ಅಳುತ್ತಿದ್ದ. ಕಣ್ಣು ಬಿಟ್ಟಾಗ ಥ್ರಾಸಿಲಾಸನ ಕೈ ಎಲ್ಲರಿಗಿಂತ ಮೇಲಿತ್ತು. ನನ್ನ ಕಡೆ ಮಾತ್ರ ಒಬ್ಬನೂ ನೋಡುತ್ತಿರಲಿಲ್ಲ, ಹತ್ತಿರ ಬಂದು ಬೆನ್ನು ತಟ್ಟಲಿಲ್ಲ, ಮೆಟ್ಟಿಲು ಇಳಿದು ಹೋಗುವಾಗ ದಾರಿ ಬಿಟ್ಟರು, ಅಷ್ಟೇ, ಇನ್ನು ಮುಂದೆ ಹೀಗೇ ಇರುತ್ತದೆ.

ಸುದ್ದಿ ನನಗಿಂತ ಮೊದಲೇ ಊರಬಾಗಿಲು ತಲುಪಿತ್ತು. ತಿಮಾರೆಟಾ ಎದ್ದು ನಿಂತಿದ್ದಳು, ಜಾಡಿ ತೋಳಿನಲ್ಲಿ, ನಾನು ಹೊತ್ಕೊಳ್ತೀನಮ್ಮ ಎಂದು ಕೈ ಚಾಚಿದೆ. ಬೇಡ, ಎಂದಳು, ನಾನೇ ತರ್ತೀನಿ. ಬಾಗಿಲು ದಾಟುವ ಮೊದಲು ನಿಂತಳು, ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು — ಅಪ್ಪನ ಮುಂದೆ ನಿಮ್ಮನ್ನ ಯಾರಾದ್ರೂ ಬೈದ್ರೆ ಜಗಳಕ್ಕೇ ನಿಲ್ತಿದ್ದ ಗೊತ್ತಾ, ಆ ವಾಕ್ಯ ಐನೆತೋಸನದಲ್ಲ, ಅಧಿಕಾರದವರು ಬರೆದುಕೊಟ್ಟಿದ್ದು, ಪಾಪ ಅವನು ಓದಿದಾನೆ ಅಷ್ಟೇ, ಅವನ ಇಷ್ಟಕ್ಕೆ ಬಿಟ್ಟಿದ್ರೆ ನಾನು ಅವನ ಕಡೆ ತಿರುಗಿದಾಗ ನನ್ನ ಮಾತು ಮುಗಿಸಿಬಿಡ್ತಿದ್ದ, ಬಾಯಿಗೆ ಬಂದಿತ್ತು ಅವನಿಗೆ, ನಾನು ಕಂಡೆ, ಅಂತಿದ್ದ, ಸಾಯೋ ದಿನಾನೂ ಹಾಗೇ ಅಂದ. ಅವಳು ಒಳಗೆ ಹೋದಳು, ಹೇಸರಗತ್ತೆ ಅವಳ ಹಿಂದೆ ಹೋಯಿತು, ನಾನು ಊರಬಾಗಿಲ ಹೊರಗೆ ನಿಂತಿದ್ದೇನೆ, ಒಳಗೆ ಹೋಗಬೇಕು, ಫಿಲಿನ್ನಳಿಗೆ ಹೇಳಬೇಕು, ಬೇಳೆ ಸಾಕು ಬಿಡೇ ಎನ್ನಬೇಕು, ಆದರೆ ಆ ದಿನದ ನೀರು ಮತ್ತೆ ಬೀಳುತ್ತಿದೆ, ಸಾವಿರ ಜನ ನಗುತ್ತಿದ್ದಾರೆ, ಅವನ ಕತ್ತಿನ ನರ ಉಬ್ಬಿದೆ, ತುಟಿ ಕೂಡಿಕೊಂಡಿವೆ, ಅವನು ಸಭೆಯನ್ನು ಬಿಟ್ಟು ಮೆಲ್ಲಗೆ ನನ್ನ ಕಡೆ ತಿರುಗುತ್ತಾನೆ, ಎಂದಿನಂತೆ, ಆಪಾದಿಸಿದವನ ಕಡೆ, ಕಣ್ಣಲ್ಲಿ ಒಂದಿಷ್ಟೂ ಅನುಮಾನವಿಲ್ಲ, ಮ... ಎಂದು ಕಾಯುತ್ತಿದ್ದಾನೆ, ನಾನು ಮುಗಿಸಲಿ ಎಂದು